ಡಿಸ್ಕ್ ಸಾಯುವ ಲೆಕ್ಕ: ಬ್ಯಾಕ್‌ಬ್ಲೇಜ್ ಪಟ್ಟಿಯನ್ನು ಏಳು ವರ್ಷ ನೋಡಿದ ಮೇಲೆ

ಉಡುಪಿಯಲ್ಲಿ ನಮ್ಮದೊಂದು ಸಣ್ಣ ವಿಡಿಯೊ ಸ್ಟುಡಿಯೊ. ಮದುವೆ, ಉಪನಯನ, ಮಳೆ ಬಿಟ್ಟ ಮೇಲೆ ಯಕ್ಷಗಾನದ ಆಟ, ಭೂತಕೋಲ. ರಾತ್ರಿಯಿಡೀ ನಡೆಯುವ ಒಂದು ಆಟವನ್ನು ಎರಡು ಕ್ಯಾಮೆರಾದಲ್ಲಿ ಹಿಡಿದರೆ ಅರ್ಧ ಟಿಬಿಗೆ (ಟೆರಾಬೈಟ್) ಕಡಿಮೆಯಾಗುವುದಿಲ್ಲ. ಹಾಗಾಗಿ ಮನೆಯಲ್ಲಿ ಅಕ್ಕಿಗಿಂತ ಹೆಚ್ಚು ಹಾರ್ಡ್ ಡಿಸ್ಕ್ ಉಂಟು ಅಂತ ಹೆಂಡತಿಯ ದೂರು. ಯಾವ ಮಾಡೆಲ್ ಡಿಸ್ಕ್ ಎಷ್ಟು ಸಾಯುತ್ತದೆ ಅಂತ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ಕೊಡುವ ಪಟ್ಟಿಯ ವಿಮರ್ಶೆ ಇದು.

2018ರ ಆಷಾಢದಲ್ಲಿ ಒಂದು ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ಮಲಗಿತು. ಒಳಗೆ ಎರಡು ಮದುವೆ, ಒಂದು ತಾಳಮದ್ದಳೆ. ಮದುವೆಯದ್ದಕ್ಕೆ ಬೇರೆ ಪ್ರತಿ ಇತ್ತು, ತಾಳಮದ್ದಳೆಯದ್ದು ಹೋದದ್ದೇ. ಹೊಸ ಡಿಸ್ಕ್ ತರಲು ಹೋದರೆ ಒಂದು ಅಂಗಡಿಯವರು "ಇದು ತಗೊಳ್ಳಿ, ಕಂಪ್ಲೇಂಟೇ ಇಲ್ಲ" ಅಂದರು. ಎದುರಿನವರು ಅದೇ ಕಂಪನಿಯ ಹೆಸರೆತ್ತಿ "ಅದೊಂದು ಬೇಡ ಮಾರಾಯ್ರೆ" ಅಂದರು. ಲೆಕ್ಕ ಇಬ್ಬರ ಹತ್ತಿರವೂ ಇಲ್ಲ.

ಕಂಪನಿಯ ಡೇಟಾಶೀಟ್ ನೋಡಿದರೆ ಎಂಟಿಬಿಎಫ್ (ಒಂದು ಸಲ ಕೆಡುವುದಕ್ಕೂ ಇನ್ನೊಂದು ಸಲ ಕೆಡುವುದಕ್ಕೂ ನಡುವಿನ ಸರಾಸರಿ ಸಮಯ) 10 ಲಕ್ಷ ಗಂಟೆ. ಅಂದರೆ 114 ವರ್ಷ, ಕೃಷ್ಣಮಠದಲ್ಲಿ 57 ಪರ್ಯಾಯ ಮುಗಿಯುವಷ್ಟು ಕಾಲ! ನಿಜವಾಗಿ ಅದರ ಅರ್ಥ ಅದಲ್ಲ. ಸಾವಿರ ಡಿಸ್ಕ್ ವರ್ಷವಿಡೀ ಓಡಿದರೆ ಒಂಬತ್ತರಷ್ಟು ಹೋಗಬಹುದು ಅಂತ ಅಷ್ಟೇ. ಆ ಒಂಬತ್ತೂ ನಂಬುವಂಥದ್ದಲ್ಲ. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ದೊಡ್ಡ ಕಡೆ ಡಿಸ್ಕ್ ಬದಲಿಸಿದ ದಾಖಲೆ ತೆಗೆದು ನೋಡಿದರು. ವರ್ಷಕ್ಕೆ ಶೇ 2ರಿಂದ 4 ಸಾಮಾನ್ಯ, ಕೆಲವು ಕಡೆ ಶೇ 13ರ ತನಕ.

ಆಮೇಲೆ ಸಿಕ್ಕಿದ್ದು ಬ್ಯಾಕ್‌ಬ್ಲೇಜ್. ಅಮೆರಿಕದ ಬ್ಯಾಕಪ್ ಕಂಪನಿ. ಬ್ಯಾಕಪ್ ಸೇವೆಯನ್ನು ನಾನು ತಗೊಂಡಿಲ್ಲ, ಓದುವುದು ಅವರು ಪುಕ್ಕಟೆ ಕೊಡುವ ಡಿಸ್ಕ್ ಲೆಕ್ಕ ಮಾತ್ರ. 2013ರಿಂದ ಪ್ರತಿದಿನ ಪ್ರತಿ ಡಿಸ್ಕಿನ ಮಾಡೆಲ್, ಸೀರಿಯಲ್ ನಂಬರ್, ಬದುಕಿದೆಯೋ ಸತ್ತಿದೆಯೋ ಅಂತ ಬರೆದಿಟ್ಟಿದ್ದಾರೆ. ಈಗ ಡಿಸ್ಕ್‌ಗಳು ಮೂರು ಲಕ್ಷದಷ್ಟು. ಮೂರು ತಿಂಗಳಿಗೊಮ್ಮೆ ಮಾಡೆಲ್‌ವಾರು ಪಟ್ಟಿ ಬರುತ್ತದೆ. ಎಷ್ಟು ಡಿಸ್ಕ್ ಎಷ್ಟು ದಿನ ಓಡಿತು ಅನ್ನುವ ಲೆಕ್ಕದಿಂದ ಸತ್ತವುಗಳ ಸಂಖ್ಯೆಯನ್ನು ಭಾಗಿಸಿ ವರ್ಷದ ಪ್ರಮಾಣ ತೆಗೆಯುತ್ತಾರೆ. ಒಟ್ಟಾರೆ 2021ರಲ್ಲಿ ಶೇ 1.01, 2023ರಲ್ಲಿ 1.70, 2024ರಲ್ಲಿ 1.57. ಹಳೆಯ ಡಿಸ್ಕ್‌ಗಳಿಗೆ ವಯಸ್ಸಾದದ್ದು ಈ ಏರಿಕೆಗೆ ಒಂದು ಕಾರಣ.

ಇದರಿಂದ ನಾನು ಕಲಿತ ಮೊದಲ ವಿಷಯ, ಕಂಪನಿಯ ಹೆಸರು ನೋಡಿ ಪ್ರಯೋಜನ ಇಲ್ಲ. ಸೀಗೇಟ್‌ನ 3 ಟಿಬಿಯ ಎಸ್‌ಟಿ3000ಡಿಎಂ001 ಬ್ಯಾಕ್‌ಬ್ಲೇಜ್‌ನವರಲ್ಲಿ ಎಷ್ಟು ಬೇಗ ಸತ್ತಿತು ಅಂದರೆ 2012ರಲ್ಲಿ ಹಾಕಿದವುಗಳಲ್ಲಿ ಬಹುಪಾಲು 2015ರ ಹೊತ್ತಿಗೆ ಹೊರಗೆ. ಅದೇ ಕಂಪನಿಯ ಬೇರೆ ಮಾಡೆಲ್‌ಗಳು ವರ್ಷಗಟ್ಟಲೆ ಸುಮ್ಮನೆ ಓಡಿವೆ. ನೋಡಬೇಕಾದ್ದು ಮಾಡೆಲ್ ನಂಬರ್, ಅದೂ ಕೊನೆಯ ಅಕ್ಷರದ ತನಕ.

ಬೇಸರದ ಸಂಗತಿಗಳೂ ಉಂಟು. ಐದು ವರ್ಷದ ಲೆಕ್ಕ ಸಿಗುವಾಗ ಆ ಮಾಡೆಲ್ ಅಂಗಡಿಯಲ್ಲಿ ಇರುವುದಿಲ್ಲ. ಎಚ್‌ಜಿಎಸ್‌ಟಿಯ 4 ಟಿಬಿ ಡಿಸ್ಕ್‌ಗಳಿಗೆ ವರ್ಷವರ್ಷವೂ ಒಳ್ಳೆಯ ಅಂಕ, ಆದರೆ ಆ ಬ್ರ್ಯಾಂಡೇ ಈಗ ಇಲ್ಲ. ನಾವು ಬ್ಯಾಗಿಗೆ ಹಾಕಿಕೊಂಡು ಓಡಾಡುವ ಪೋರ್ಟಬಲ್ ಡಿಸ್ಕ್ ಈ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಬ್ಯಾಕ್‌ಬ್ಲೇಜ್‌ನವರ ಡಿಸ್ಕ್ ತಣ್ಣಗಿನ ಕೋಣೆಯಲ್ಲಿ ಹಗಲುರಾತ್ರಿ ಒಂದೇ ಸಮ ತಿರುಗುತ್ತದೆ. ನನ್ನದು ಮಲ್ಪೆ ಕಡೆಯ ಉಪ್ಪುಗಾಳಿ, ಜುಲೈಯಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ತೇವ, ಗುಡುಗಿದರೆ ಹೋಗುವ ಕರೆಂಟು, ಇವುಗಳ ನಡುವೆ ದಿನಕ್ಕೆ ನಾಲ್ಕು ಸಲ ಆನ್ ಆಫ್ ಆಗುವಂಥದ್ದು. ಅಲ್ಲಿಯ ಶೇ 1.5 ಇಲ್ಲಿಯ ಶೇ 1.5 ಅಲ್ಲ. ಮಾಡೆಲ್‌ಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಆ ಅಂಕಿ ಬಳಸುತ್ತೇನೆ.

ಹಾಗಾದರೆ ನನ್ನದೇ ಲೆಕ್ಕ ಇಡೋಣ ಅಂತ ಒಂದು ನೋಟ್‌ಬುಕ್ ಮಾಡಿದೆ. 14 ಡಿಸ್ಕ್, ಆರು ವರ್ಷ, ಸತ್ತದ್ದು ಮೂರು. ಸತ್ತ ಕೂಡಲೇ ಅದರ ಜಾಗಕ್ಕೆ ಹೊಸದು ಬಂದಿದೆ, ಹಾಗಾಗಿ ಒಟ್ಟು 84 ಡಿಸ್ಕ್-ವರ್ಷ, ಶೇ 3.6. ಇನ್ನೊಂದು ಹೋಗಿದ್ದರೆ 4.8, ಒಂದು ಉಳಿದಿದ್ದರೆ 2.4. ಒಂದೇ ಡಿಸ್ಕಿಗೆ ಇಷ್ಟು ಕುಣಿಯುವ ಅಂಕಿ ಅಂಗಡಿಯವರ ಮಾತಿಗಿಂತ ಹೆಚ್ಚೇನಲ್ಲ. ಬ್ಯಾಕ್‌ಬ್ಲೇಜ್ ಪಟ್ಟಿಯಲ್ಲೂ ನೂರು ಡಿಸ್ಕ್ ಇರುವ ಮಾಡೆಲ್‌ಗೆ ಸೊನ್ನೆ ಕಂಡರೆ ಈಗ ನಾನು ಕುಣಿಯುವುದಿಲ್ಲ. ಪಕ್ಕದಲ್ಲಿ ಎಷ್ಟು ದಿನ ಓಡಿದೆ ಅಂತ ಮೊದಲು ನೋಡುತ್ತೇನೆ.

ಪಟ್ಟಿಗಿಂತ ಹೆಚ್ಚು ಉಪಕಾರ ಆದದ್ದು ಅವರು ಗಮನಿಸುವ ಐದು ಸ್ಮಾರ್ಟ್ ಅಂಕಿಗಳಿಂದ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಿಂದ: 5, 187, 188, 197, 198 ನಂಬರಿನವು. ತಿಂಗಳ ಮೊದಲ ಭಾನುವಾರ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದು ಇವನ್ನು ಬರೆದಿಡುತ್ತೇನೆ. ಇದೂ ಬ್ರಹ್ಮಲಿಪಿ ಅಲ್ಲ. ಗೂಗಲ್‌ನವರು 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್ ಪರೀಕ್ಷಿಸಿದಾಗ, ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕ್ ಮುಖ್ಯ ಸೂಚನೆ ಒಂದನ್ನೂ ಕೊಡದೆ ಹೋಗಿದ್ದವು. ನನ್ನ ಮೂರರಲ್ಲಿ ಎರಡು ಮೊದಲೇ ಹೇಳಿದವು, ಒಂದು ಹೇಳದೆ ಹೋಯಿತು.

ಬ್ಯಾಕ್‌ಬ್ಲೇಜ್ ಪಟ್ಟಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಪೋರ್ಟಬಲ್ ಇಲ್ಲದ್ದಕ್ಕೆ ಒಂದು ಕಡಿತ.

ಕಳೆದ ಭಾನುವಾರ ಆಟದ ಡಿಸ್ಕೊಂದರ 197ರಲ್ಲಿ, ಅಂದರೆ ಓದಲು ಬಾರದೆ ಅನುಮಾನದಲ್ಲಿರುವ ಜಾಗಗಳ ಲೆಕ್ಕದಲ್ಲಿ, 8 ಕಾಣಿಸಿತು. ಇದನ್ನು ಬರೆಯುವಾಗ ಪಕ್ಕದಲ್ಲಿ ಕಾಪಿ ಆಗುತ್ತಾ ಉಂಟು, ಶೇ 61.