ಜೆನೋಡೊ ಭಂಡಾರದಿಂದ ಸ್ಕ್ರಿಪ್ಟ್ ಮೂಲಕ ದತ್ತಾಂಶ ಇಳಿಸಿಕೊಂಡ ಅನುಭವ

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಬೂದಿ ರೋಗ, ಡೌನಿ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಎಲೆಯ ಚಿತ್ರದಿಂದಲೇ ಆ ರೋಗಗಳನ್ನು ಗುರುತಿಸುವ ತಂತ್ರಾಂಶವೊಂದನ್ನು ನಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು ರೂಪಿಸುತ್ತಿದ್ದಾರೆ. ತಿಕೋಟಾ ಭಾಗದ ತೋಟಗಳಲ್ಲಿ ನಾವೇ ತೆಗೆದ ಚಿತ್ರಗಳು ಸಾಲದೆ ಹೋದಾಗ, ಬೇರೆ ಬೇರೆ ದೇಶಗಳ ಸಂಶೋಧಕರು ಎಲ್ಲರಿಗೂ ಮುಕ್ತವಾಗಿ ಇಟ್ಟಿರುವ ಚಿತ್ರಸಂಗ್ರಹಗಳನ್ನು ಹುಡುಕಿಕೊಂಡು ಹೊರಟೆವು. ಹಾಗೆ ಸಂಶೋಧಕರು ತಮ್ಮ ದತ್ತಾಂಶವನ್ನು ಇಡುವ ಜಾಲತಾಣವಾದ ಜೆನೋಡೊಗೆ ಬಂದು ಮುಟ್ಟಿದ ಮೇಲೆ, ಒಂದು ವರ್ಷದಿಂದ ಅದನ್ನು ಹೆಚ್ಚಾಗಿ ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಮೂಲಕವೇ ಬಳಸುತ್ತಿದ್ದೇನೆ.

ಜೆನೋಡೊವನ್ನು ನಡೆಸುವುದು ಜಿನೀವಾ ಬಳಿಯ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆ. 2013ರಲ್ಲಿ ಆರಂಭವಾದ ಈ ಭಂಡಾರಕ್ಕೆ ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಮೊದಲ ಗ್ರಂಥಪಾಲಕ ಜೆನೋಡೋಟಸ್‌ನ ಹೆಸರಿನಿಂದ ಹೆಸರು ಬಂದಿದೆ. ಮುಕ್ತವಾಗಿ ಇಟ್ಟ ಕಡತಗಳನ್ನು ಪಡೆಯಲು ಶುಲ್ಕವಿಲ್ಲ, ಖಾತೆಯೂ ಬೇಕಿಲ್ಲ. ಒಂದು ದಾಖಲೆಯಲ್ಲಿ, ಅಂದರೆ ಒಂದು ಸಂಗ್ರಹಕ್ಕೆ ಮೀಸಲಾದ ಪುಟದಲ್ಲಿ, ಸಾಮಾನ್ಯವಾಗಿ 50 ಜಿಬಿವರೆಗೆ ಕಡತಗಳನ್ನು ಇಡಬಹುದು. ಕಾಲೇಜಿನ 20 ಎಂಬಿಪಿಎಸ್ ಸಂಪರ್ಕ ಒಮ್ಮೆಯೂ ಕಡಿಯದೆ ನಡೆದರೂ 50 ಜಿಬಿ ಇಳಿಯಲು ಐದೂವರೆ ಗಂಟೆ ಬೇಕು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಅಷ್ಟು ಹೊತ್ತು ಕರೆಂಟ್ ಹೋಗದೆ ಇರುತ್ತದೆಂದು ನಂಬಿ ಕೆಲಸ ಹಚ್ಚುವಂತಿಲ್ಲ.

ಇದಕ್ಕೆ ಮೊದಲು ಬೇರೊಂದು ತಾಣದಿಂದ ಬ್ರೌಸರಿನಲ್ಲೇ ಇಳಿಸಿಕೊಂಡ ಸಂಗ್ರಹವೊಂದು ನಮಗೆ ತಕ್ಕ ಪಾಠ ಕಲಿಸಿತ್ತು. ನಡುವೆ ಸಂಪರ್ಕ ಕಡಿದಿತ್ತು, ಆದರೂ ಕಡತ ಮಾತ್ರ ಪೂರ್ಣಗೊಂಡಂತೆಯೇ ಕುಳಿತಿತ್ತು. ಅದನ್ನು ಬಿಚ್ಚುವಾಗ ಕೊನೆಯಲ್ಲಿ ಬಂದ ಒಂದು ಸಾಲಿನ ದೋಷಸಂದೇಶವನ್ನು ಯಾರೂ ಗಮನಿಸಲಿಲ್ಲ. ರೋಗ ಗುರುತಿಸುವ ಕಂಪ್ಯೂಟರ್ ಮಾದರಿಗೆ ಆ ಚಿತ್ರಗಳಿಂದ ಎರಡು ವಾರ ತರಬೇತಿ ಕೊಟ್ಟ ನಂತರ, ಒಂದು ರೋಗದ ಫೋಲ್ಡರಿನಲ್ಲಿ ಅರ್ಧದಷ್ಟೂ ಚಿತ್ರಗಳಿಲ್ಲ ಎಂಬುದು ವಿದ್ಯಾರ್ಥಿನಿಯೊಬ್ಬಳು ಎಣಿಸಿ ನೋಡಿದಾಗ ತಿಳಿಯಿತು. ಬಂದ ಕಡತ ಸರಿಯಾಗಿದೆಯೇ ಎಂದು ತಾಳೆ ನೋಡಲು ಆ ತಾಣದಲ್ಲಿ ಯಾವ ಗುರುತೂ ಇರಲಿಲ್ಲ. ನಾನು ಜೆನೋಡೊವನ್ನು ಮೆಚ್ಚಲು ಮುಖ್ಯ ಕಾರಣ ಇಲ್ಲಿಯೇ ಇದೆ.

ಜೆನೋಡೊದ ಪ್ರತಿ ದಾಖಲೆಗೂ ಒಂದು ಸಂಖ್ಯೆ ಇರುತ್ತದೆ. ತಾಣದ ವಿಳಾಸದ ಮುಂದೆ ‘ಎಪಿಐ’, ‘ರೆಕಾರ್ಡ್ಸ್’ ಎಂಬ ಎರಡು ಪದಗಳನ್ನೂ ಆ ಸಂಖ್ಯೆಯನ್ನೂ ಸೇರಿಸಿ ಕೇಳಿದರೆ, ಪುಟದ ಬದಲು ಜೆಸನ್ ರೂಪದ (ಪ್ರೋಗ್ರಾಂಗಳು ಸುಲಭವಾಗಿ ಓದಬಲ್ಲ ಪಠ್ಯದ) ಉತ್ತರ ಬರುತ್ತದೆ. ಅದರ ‘ಫೈಲ್ಸ್’ ವಿಭಾಗದಲ್ಲಿ ಪ್ರತಿ ಕಡತದ ಹೆಸರು, ಬೈಟ್‌ಗಳಲ್ಲಿ ಗಾತ್ರ, ಇಳಿಸಿಕೊಳ್ಳುವ ಕೊಂಡಿ, ಜೊತೆಗೆ ‘ಎಂಡಿ5’ ಎಂಬ ಲೆಕ್ಕದ ವಿಧಾನದ ಹೆಸರಿನ ನಂತರ, ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತಾದ 32 ಅಕ್ಷರಗಳ ಚೆಕ್‌ಸಮ್ ಇರುತ್ತವೆ. ಕಡತದಲ್ಲಿ ಒಂದೇ ಒಂದು ಬೈಟ್ ಅದಲುಬದಲಾದರೂ ಈ ಚೆಕ್‌ಸಮ್ ಪೂರ್ತಿ ಬೇರೆಯಾಗುತ್ತದೆ. ಬೇಕೆಂದೇ ಮಾಡಿದ ಮೋಸವನ್ನು ಹಿಡಿಯಲು ಎಂಡಿ5 ಸಾಲದು ಎಂಬುದು ನಿಜ, ಆದರೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಕಡತವನ್ನು ಅದು ತಪ್ಪದೆ ಹಿಡಿದುಕೊಡುತ್ತದೆ.

ನಮ್ಮ ಸ್ಕ್ರಿಪ್ಟ್ ಕಡತವನ್ನು ಒಮ್ಮೆಲೇ ಮೆಮೊರಿಗೆ ತುಂಬಿಕೊಳ್ಳದೆ ಒಂದೊಂದು ಎಂಬಿಯಾಗಿ ಓದಿ, ‘ಪಾರ್ಟ್’ ಎಂಬ ಬಾಲವಿರುವ ತಾತ್ಕಾಲಿಕ ಹೆಸರಿನಲ್ಲಿ ಡಿಸ್ಕಿಗೆ ಬರೆಯುತ್ತದೆ. ಎಲ್ಲವೂ ಬಂದ ಮೇಲೆ ಎಂಡಿ5 ಲೆಕ್ಕ ಹಾಕಿ, ಅದು ಜೆನೋಡೊ ಕೊಟ್ಟ ಚೆಕ್‌ಸಮ್‌ಗೆ ಹೊಂದಿದರೆ ಮಾತ್ರ ನಿಜವಾದ ಹೆಸರನ್ನು ಇಡುತ್ತದೆ. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದಾಗ ಫೋಲ್ಡರಿನಲ್ಲಿ ಬಾಲವಿರುವ ಹೆಸರು ಕಂಡರೆ, ರಾತ್ರಿ ಏನಾಗಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಆಗಲೇ ಸರಿಯಾಗಿ ಬಂದವುಗಳನ್ನು ಬಿಟ್ಟು ಉಳಿದವುಗಳನ್ನಷ್ಟೇ ತರುತ್ತದೆ. ಈ ಸಣ್ಣ ವ್ಯವಸ್ಥೆಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸಿಕ್ಕಿರುವ ನೆಮ್ಮದಿಯನ್ನು ಎಷ್ಟು ಹೇಳಿದರೂ ಕಡಿಮೆಯೇ.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಖಾತೆಯಿಲ್ಲದವರು ನಿಮಿಷಕ್ಕೆ 60, ಗಂಟೆಗೆ 2000 ಕೋರಿಕೆಗಳನ್ನು ಮೀರುವಂತಿಲ್ಲ. ಮೀರಿದರೆ 429 ಎಂಬ ಉತ್ತರ ಬರುತ್ತದೆ, ಆಗ ಸ್ಕ್ರಿಪ್ಟ್ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಎಲ್ಲರೂ ಹಂಚಿಕೊಳ್ಳುವ ಉಚಿತ ಸೇವೆಗೆ ಇಂಥ ಮಿತಿ ನ್ಯಾಯವೆಂದೇ ನನ್ನ ಅಭಿಪ್ರಾಯ. 2023ರ ಅಕ್ಟೋಬರಿನಲ್ಲಿ ತಾಣ ಹೊಸ ತಂತ್ರಾಂಶಕ್ಕೆ ಬದಲಾದಾಗ ಕಡತದ ಕೊಂಡಿಗಳ ಮಾದರಿಯೂ ಬದಲಾಯಿತು. ಆದ್ದರಿಂದ ಕೊಂಡಿಯನ್ನು ಊಹಿಸಿ ಕಟ್ಟಿಕೊಳ್ಳದೆ, ಜೆಸನ್ ಉತ್ತರದಲ್ಲಿ ಬಂದದ್ದನ್ನೇ ಬಳಸುವುದು ಒಳ್ಳೆಯದು.

ಆವೃತ್ತಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಒಂದು ಸಂಗ್ರಹದ ಪ್ರತಿ ಆವೃತ್ತಿಗೂ ಬೇರೆ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಇರುತ್ತದೆ, ಎಲ್ಲ ಆವೃತ್ತಿಗಳಿಗೂ ಸೇರಿ ಮತ್ತೊಂದಿರುತ್ತದೆ. ಈ ಎರಡನೆಯದು ಯಾವಾಗಲೂ ಇತ್ತೀಚಿನ ಆವೃತ್ತಿಗೇ ಒಯ್ಯುತ್ತದೆ. ಅದನ್ನು ಸ್ಕ್ರಿಪ್ಟಿನಲ್ಲಿ ಬರೆದಿಟ್ಟರೆ, ಜನವರಿಯಲ್ಲಿ ಇಳಿಸಿದವರಿಗೂ ಜೂನ್‌ನಲ್ಲಿ ಇಳಿಸಿದವರಿಗೂ ಬೇರೆ ಬೇರೆ ಚಿತ್ರಗಳು ಸಿಗಬಹುದು, ಫಲಿತಾಂಶಗಳು ಏಕೆ ಹೊಂದುತ್ತಿಲ್ಲವೆಂದು ಇಬ್ಬರೂ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ನಮ್ಮ ಪ್ರತಿ ತಂಡದ ಪ್ರಾಜೆಕ್ಟ್ ವಹಿಯ ಮೊದಲ ಪುಟದಲ್ಲಿ ಈಗ ಬಳಸಿದ ಆವೃತ್ತಿಯ ಡಿಒಐ, ಇಳಿಸಿಕೊಂಡ ದಿನಾಂಕ ಮತ್ತು ಪ್ರತಿ ಕಡತದ ಎಂಡಿ5 ಇರುತ್ತವೆ. ಅವಿಲ್ಲದ ವಹಿಗೆ ನಾನು ಸಹಿ ಹಾಕುವುದಿಲ್ಲ.