100 ಪಿಎಸ್‌ಐ ಬೇಕಾ, 75 ಸಾಕಾ?

ಸೈಕಲ್ ಟೈರಿಗೆ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಬೇಕು ಅನ್ನೋದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 75ಕ್ಕೆ. ಮಂಗಳೂರಿನ ರಸ್ತೆಗೆ 100 ಪಿಎಸ್‌ಐ ಅಂದರೆ ಸುಮ್ನೆ ಕೈನೋವು.

ನನ್ನದು 28 ಎಂಎಂ ಅಗಲದ ಟೈರಿನ ರೋಡ್ ಬೈಕ್ (ಡಾಂಬರು ರಸ್ತೆಯ ಸ್ಪೀಡಿನ ಸೈಕಲ್), ನನ್ನ ತೂಕ 72 ಕೆಜಿ. ಅಂಗಡಿಯವರು ಎರಡೂ ಚಕ್ರಕ್ಕೆ 100 ತುಂಬಿಸಿ ಕೊಟ್ಟಿದ್ದರು. ಗಟ್ಟಿ ಇದ್ದಷ್ಟೂ ಸ್ಪೀಡು ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ನುಣುಪಾದ ಟ್ರ್ಯಾಕ್ ಆದರೆ ಸರಿ. ಇಲ್ಲಿ ಕಾಂಕ್ರೀಟ್ ರಸ್ತೆಯ ಸಂದು ಸಿಕ್ಕಾಗಲೆಲ್ಲ ಚಕ್ರ ಟಕ್ ಅಂತ ಹಾರುತ್ತದೆ. ತುಳಿದ ಶಕ್ತಿ ಸ್ವಲ್ಪ ನಮ್ಮನ್ನು ಕುಲುಕುವುದಕ್ಕೇ ಖರ್ಚು. ಸುರತ್ಕಲ್ ದಾಟಿ ಮೂಲ್ಕಿ ಮುಟ್ಟುವಷ್ಟರಲ್ಲಿ ಅಂಗೈ ಜೋಮು ಹಿಡಿದಿರುತ್ತದೆ. ಟೈರಿನ ಬದಿಯಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅಷ್ಟೇ ತುಂಬಿಸಿ ಅಂತ ಅಲ್ಲ.

ಈಗ ಹಿಂದೆ 75, ಮುಂದೆ 70. ಭಾರ ಹಿಂದಿನ ಚಕ್ರಕ್ಕೆ ಜಾಸ್ತಿ ಬೀಳುತ್ತದೆ ಅಲ್ವಾ, ಅದಕ್ಕೆ. ಸ್ಪೀಡು ಇಳಿದ ಹಾಗೆ ನನಗಂತೂ ಕಾಣಲಿಲ್ಲ. ಮಳೆಗಾಲದಲ್ಲಿ ಎರಡರಲ್ಲೂ ಐದೈದು ಕಮ್ಮಿ ಮಾಡುತ್ತೇನೆ, ಹಿಡಿತ ಚೆನ್ನಾಗಿರುತ್ತದೆ.

60 ಇನ್ನೂ ಆರಾಮು. ಆದರೆ ಹೊಂಡಕ್ಕೆ ಇಳಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ನನ್ನ ತೂಕಕ್ಕೆ ಇದು ಆಗಿಬರುವುದಿಲ್ಲ.

75ರಲ್ಲಿ ತಲೆನೋವು ಒಂದೇ, ಗಾಳಿ ನೋಡಿಕೊಳ್ಳುವುದು. ತೆಳ್ಳಗಿನ ಟ್ಯೂಬಿನಿಂದ ಗಾಳಿ ಮೆಲ್ಲಗೆ ಸೋರುತ್ತಲೇ ಇರುತ್ತದೆ. 100 ಇದ್ದರೆ ಹತ್ತು ಹೋದರೂ ನಡೆಯುತ್ತದೆ, 75ರಲ್ಲಿ ಅಷ್ಟು ಹೋದರೆ ತೂತಿನ ಭಯ ಶುರು. ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲಿನ ಹುಡುಗ, "ಇದೆಂತದು ಮಾರ್ರೆ, ಪೈಪ್ ಕೂರುದೇ ಇಲ್ಲ" ಅಂತ ನಕ್ಕ. ನಮ್ಮದು ಸಪೂರದ ಪ್ರೆಸ್ಟಾ ವಾಲ್ವ್, ಬಂಕಿನದ್ದು ಕಾರು ಬೈಕಿನ ಅಳತೆ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಕ್ಕಿಸಿದರೆ ಗಾಳಿಯೇನೋ ಹೋಗುತ್ತದೆ. ಆದರೆ ಕಾರಿಗೆ ಮೂವತ್ತು ಚಿಲ್ಲರೆ ಹಾಕಿ ರೂಢಿಯಾದವರ ಹತ್ತಿರ 75 ಕೇಳಿದರೆ ಟ್ಯೂಬ್ ಒಡೆಯುತ್ತದೆ ಅಂತ ಕೈ ಹಿಂದಕ್ಕೆ ತೆಗೆಯುತ್ತಾರೆ.

ಬ್ಯಾಗಿನಲ್ಲಿಡುವ ಚಿಕ್ಕ ಪಂಪಿಗೆ ಮೀಟರ್ ಇಲ್ಲ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 75ಕ್ಕೂ 90ಕ್ಕೂ ವ್ಯತ್ಯಾಸ ತಿಳಿಯುವುದೇ ಇಲ್ಲ. ಕೊನೆಗೆ ಮೀಟರ್ ಇರುವ, ನೆಲದ ಮೇಲೆ ನಿಲ್ಲಿಸಿ ಹೊಡೆಯುವ ಪಂಪ್ ತಗೊಂಡೆ. ವಾಲ್ವಿನ ತುದಿಯ ನಟ್ಟು ಸಡಿಲಿಸಿ, ಒಮ್ಮೆ ಒತ್ತಿ ಚುಸ್ ಅನ್ನಿಸಿ, ಆಮೇಲೆ ಪಂಪ್ ಸಿಕ್ಕಿಸಬೇಕು. ಇಲ್ಲದಿದ್ದರೆ ವಾಲ್ವ್ ಅಂಟಿಕೊಂಡು ಮೀಟರ್ ಸುಳ್ಳು ಹೇಳುತ್ತದೆ. ಈಗ ಪ್ರತಿ ರೈಡಿಗೂ ಮೊದಲು ಇದೇ ಕೆಲಸ.

ನಿಮ್ಮದು ಹುಕ್‌ಲೆಸ್ ರಿಮ್ (ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆಯಂಥ ಅಂಚು ಇಲ್ಲದ ರಿಮ್) ಆದರೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಲೇಬಾರದು. ಆಗ ನನ್ನ 75 ಕೂಡ ಬೇಡ.

ಟ್ಯೂಬ್‌ಲೆಸ್ ಹಾಕಿಸಿದರೆ 60ಕ್ಕೂ ಧೈರ್ಯವಾಗಿ ಇಳಿಯಬಹುದು. ಆದರೆ ಹೊಸ ಟೈರು, ತೂತು ಮುಚ್ಚುವ ದ್ರವ (ಸೀಲೆಂಟು) ಅಂತ ಖರ್ಚು ಜಾಸ್ತಿ. ಭಾನುವಾರ ಮೂಲ್ಕಿವರೆಗೆ ಹೋಗಿ ಚಾ ಕುಡಿದು ಬರುವವನಿಗೆ ಪಂಪಿನ ಖರ್ಚೇ ಸಾಕು.