ಅನುವಾದ ಪ್ಲಗಿನ್ ಹಾಕುವ ಮುನ್ನ ಇದನ್ನು ಓದಿ: ಅಕ್ಕನ ಏಳು ತಿಂಗಳ ದುಡಿಮೆ ನೀರುಪಾಲಾಯಿತು

ಮೊದಲೇ ಹೇಳಿಬಿಡುತ್ತೇನೆ. ವೆಬ್‌ಸೈಟನ್ನು ಎರಡು ಮೂರು ಭಾಷೆಗಳಲ್ಲಿ ತೋರಿಸಬೇಕು ಅಂತ ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹುಡುಕುತ್ತಿದ್ದರೆ, ಅನುವಾದ ಎಷ್ಟು ಚೆನ್ನಾಗಿ ಬರುತ್ತದೆ ಎಂದು ನೋಡುವ ಮೊದಲು ಆ ಅನುವಾದ ಎಲ್ಲಿ ಉಳಿಯುತ್ತದೆ ಎಂದು ನೋಡಿ. ನಿಮ್ಮ ಡೇಟಾಬೇಸಿನಲ್ಲೋ (ಸೈಟಿನ ಬರಹವೆಲ್ಲ ಇರುವ ಜಾಗ), ಪ್ಲಗಿನ್ ಕಂಪನಿಯ ಸರ್ವರಿನಲ್ಲೋ? ನಾನು ನೋಡಲಿಲ್ಲ. ಹತ್ತು ವರ್ಷದಿಂದ ಸೈಟು ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವನು, ನಾನೇ ನೋಡಲಿಲ್ಲ. ಅದಕ್ಕೇ ನಾಚಿಕೆ, ಅದಕ್ಕೇ ಸಿಟ್ಟು.

ನಮ್ಮದು ಚಿಕ್ಕ ಸೈಟು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಬರೆದ 112 ಪುಟಗಳು, ಸುಮಾರು 30,000 ಪದ. ಬರೆದವಳು ನಮ್ಮಕ್ಕ, ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಸೈಟು ನೋಡಿಕೊಳ್ಳುವುದು ನಾನು. ಇಂಗ್ಲಿಷ್ ಮತ್ತು ಹಿಂದಿಯಲ್ಲೂ ಬೇಕು ಅಂತ ಓದುಗರು ಕೇಳಿದ್ದರಿಂದ ಪ್ಲಗಿನ್ ಹುಡುಕಿದೆ. "ಅತ್ಯುತ್ತಮ ಹತ್ತು" ಎಂಬ ಪಟ್ಟಿಯಲ್ಲಿ ಮೊದಲನೆಯದನ್ನು ಹಾಕಿದೆ. ಆ ಪಟ್ಟಿಯ ಪ್ರತಿ ಲಿಂಕಿನಲ್ಲೂ ಬರೆದವರ ಕಮಿಷನ್ ಕೋಡ್ ಇತ್ತು ಎಂಬುದನ್ನು ಈಗ ನೋಡಿದ್ದೇನೆ, ಆಗ ನೋಡಿರಲಿಲ್ಲ.

ಹಾಕುವುದು ಐದು ನಿಮಿಷದ ಕೆಲಸ. ಕಂಪನಿ ಕೊಟ್ಟ ಕೀ (ಖಾತೆಯ ಗುರುತಿನ ಸಂಕೇತ) ಅಂಟಿಸಿದೆ, ಭಾಷೆ ಆರಿಸಿದೆ, ಇಡೀ ಸೈಟು ಮೂರು ಭಾಷೆಯಲ್ಲಿ ಎದ್ದು ನಿಂತಿತು. ಅಕ್ಕನನ್ನು ಕರೆದು ತೋರಿಸಿದೆ. ಖುಷಿಯಾಯಿತು ಇಬ್ಬರಿಗೂ.

ಯಂತ್ರದ ಅನುವಾದ ಹಾಗೇ ಬಿಡುವಂತಿರಲಿಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ಆಗಿನಿಂದ ಯಂತ್ರಗಳು ಬಹಳ ಸುಧಾರಿಸಿವೆ, ನಿಜ. ಆದರೆ "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ" ಎಂಬ ಸಾಲು ಇಂಗ್ಲಿಷಿಗೆ ಹೋದಾಗ ಪಕ್ಷ ಬದಲಿಸಿ ಎಂಬಂಥ ಅರ್ಥ ಬಂದಿತ್ತು. ರೋಗಿಯನ್ನು ಹೊರಳಿಸಬೇಕು ಅನ್ನುವ ಮಾತೇ ಇಲ್ಲ. ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುವ ಮುಖ್ಯ ಸಾಲೇ ಅದು. ಅಕ್ಕ ಕನ್ನಡಕ ಹಾಕಿಕೊಂಡು ಪ್ಲಗಿನ್ನಿನ ಎಡಿಟರ್ ಮುಂದೆ ಕೂತಳು. ಏಳು ತಿಂಗಳು ಕೂತಳು. ಎಡಗಡೆ ಕನ್ನಡ, ಬಲಗಡೆ ಯಂತ್ರದ ಇಂಗ್ಲಿಷ್, ಒಂದೊಂದೇ ವಾಕ್ಯ ಅಳಿಸಿ ಮತ್ತೆ ಬರೆಯುವುದು. ಆಮೇಲೆ ಹಿಂದಿ.

ಆಗಲೇ ಒಂದು ಸೂಚನೆ ಸಿಕ್ಕಿತ್ತು. ಮೂಲ ಕನ್ನಡದಲ್ಲಿ ನಾನು ಒಂದು ಅಲ್ಪವಿರಾಮ ಸೇರಿಸಿದರೂ ಅಕ್ಕ ತಿದ್ದಿದ ಸಾಲು ಹೋಗಿ ಯಂತ್ರದ ಸಾಲು ವಾಪಸ್ ಬರುತ್ತಿತ್ತು. ಅದಕ್ಕೆ ಅದು ಹೊಸ ವಾಕ್ಯವಂತೆ. ಪ್ಲಗಿನ್ ಕಂಪನಿಯವರನ್ನು ಕೇಳಿದ್ದಕ್ಕೆ "ವ್ಯವಸ್ಥೆ ಹಾಗೆಯೇ ಕೆಲಸ ಮಾಡುತ್ತದೆ" ಎಂದರು. ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಇನ್ನು ಪದಗಳ ಲೆಕ್ಕ. ನಮ್ಮದು 30,000 ಪದ ತಾನೇ ಅಂತ 50,000 ಪದಗಳ ಪ್ಲಾನ್ ಕೊಂಡಿದ್ದೆ. ಅವರ ಲೆಕ್ಕ ಭಾಷೆಗೊಂದರಂತೆ, ಎರಡು ಭಾಷೆ ಅಂದರೆ 60,000. ಮೊದಲ ತಿಂಗಳೇ ಒಂದು ಲಕ್ಷದ ಪ್ಲಾನಿಗೆ ಹೋಗಬೇಕಾಯಿತು. ಹೋಗಲಿ, ಅದು ನನ್ನ ತಪ್ಪು ಅಂದುಕೊಂಡೆ. ಆದರೆ 60,000 ಇದ್ದದ್ದು 75,000 ಆಯಿತು, 90,000 ಆಯಿತು. ನಾವು ಹೊಸ ಪುಟ ಹಾಕೇ ಇರಲಿಲ್ಲ!

ಕಾರಣ ಗೊತ್ತಾದಾಗ ಹೊಟ್ಟೆ ಉರಿಯಿತು. ನಮ್ಮ ಪ್ರತಿ ಪುಟದ ಕೆಳಗೆ "ಇದುವರೆಗೆ 1204 ಜನ ಓದಿದ್ದಾರೆ" ಅಂತ ಒಂದು ಸಾಲಿತ್ತು. ಇನ್ನೊಬ್ಬರು ತೆರೆದರೆ ಅದು 1205. ಪ್ಲಗಿನ್ನಿಗೆ 1205 ಎಂದರೆ ಹೊಚ್ಚಹೊಸ ವಾಕ್ಯ, ನಾಲ್ಕು ಪದ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಯಾರು ಪುಟ ತೆರೆದರೂ ನಾಲ್ಕು ಪದ ಖರ್ಚು. ಹತ್ತು ಸಾವಿರ ಸಲ ತೆರೆದರೆ 40,000 ಪದ. ನಮ್ಮ ಓದುಗರು ಹೆಚ್ಚಾದಷ್ಟೂ ನಾವು ಹೆಚ್ಚು ಕೊಡಬೇಕು, ಅನುವಾದವಾಗುತ್ತಿರುವುದು ಬರೀ ಒಂದು ಅಂಕಿ. ಆ ಸಾಲನ್ನು ಅನುವಾದದಿಂದ ಹೊರಗಿಡುವ ಸೆಟ್ಟಿಂಗ್ ಇತ್ತಂತೆ. ಎಲ್ಲಿತ್ತು? ಮೂರನೇ ಮೆನುವಿನ ಒಳಗೆ. ಮುಂಚೆ ಯಾರಾದರೂ ಹೇಳಿದರೇ? ಇಲ್ಲ. ಕೇಳಿದ ಮೇಲೆ ಹೇಳಿದರು, ಅಷ್ಟರಲ್ಲಿ ಲಕ್ಷ ದಾಟಿತ್ತು.

ಮಿತಿ ದಾಟಿದೆ, ಮೇಲಿನ ಪ್ಲಾನಿಗೆ ಬನ್ನಿ, ಇಲ್ಲವಾದರೆ ಸೇವೆ ನಿಲ್ಲುತ್ತದೆ ಅಂತ ಮೇಲ್ ಕಳಿಸಿದ್ದರು. ಅದು ಜಾಹೀರಾತು ಮೇಲ್‌ಗಳ ನಡುವೆ ಬಿದ್ದಿತ್ತು. ನಾನು ನೋಡಿದ್ದು ಒಬ್ಬ ಓದುಗರು "ಇಂಗ್ಲಿಷ್ ಪುಟ ಸಿಗುತ್ತಿಲ್ಲ" ಎಂದು ಬರೆದ ಮೇಲೆ. ತೆರೆದರೆ 404, ಅಂದರೆ ಪುಟವೇ ಇಲ್ಲ ಎಂಬ ಸಂದೇಶ. ಎಲ್ಲ ಪುಟಕ್ಕೂ 404. ಇಂಗ್ಲಿಷ್ 112, ಹಿಂದಿ 112.

ಆಗಲೂ ನನಗೆ ಧೈರ್ಯವಿತ್ತು. ಬರಹ ನಮ್ಮ ಡೇಟಾಬೇಸಿನಲ್ಲೇ ಇರುತ್ತದಲ್ಲ, ತೆಗೆದುಕೊಂಡರಾಯಿತು ಅಂತ. ರಾತ್ರಿ ಡೇಟಾಬೇಸ್ ನೋಡುವ ಪಿಎಚ್‌ಪಿ ಮೈಅಡ್ಮಿನ್ ತೆರೆದು, ಮಗ್ಗುಲು ಬದಲಿಸುವ ಆ ಸಾಲಿಗೆ ಅಕ್ಕ ಬರೆದ ಇಂಗ್ಲಿಷ್ ವಾಕ್ಯವನ್ನು ಹಾಕಿ ಎಲ್ಲ ಟೇಬಲ್‌ಗಳಲ್ಲೂ ಹುಡುಕಿದೆ. ಸೊನ್ನೆ. ವಾಕ್ಯದ ಎರಡು ಪದ ಮಾತ್ರ ಹಾಕಿ ಹುಡುಕಿದೆ. ಸೊನ್ನೆ. ಒಂದು ಪದ ಹಾಕಿದೆ. ಸೊನ್ನೆ. ಪ್ಲಗಿನ್ ನಮ್ಮಲ್ಲಿ ಬಿಟ್ಟಿದ್ದದ್ದು ಸೆಟ್ಟಿಂಗ್‌ಗಳ ಒಂದೇ ಒಂದು ಸಾಲು, ಅದರಲ್ಲಿ ಇದ್ದದ್ದು ಕೀ. ಏಳು ತಿಂಗಳು ಅಕ್ಕ ನಮ್ಮ ಸೈಟಿನ ಒಳಗೆ ಬರೆಯುತ್ತಿದ್ದೇನೆ ಅಂದುಕೊಂಡಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಪದವೂ ನಮ್ಮಲ್ಲಿ ಬಿದ್ದಿರಲಿಲ್ಲ. ಒಂದು ಪದವೂ.

ಬೆಳಿಗ್ಗೆ ಹೇಳಿದೆ. "ಎಲ್ಲೋ ಹೋಯ್ತು ಅಂತೀಯಲ್ಲೋ, ನಾನು ಕೂತು ಬರೆದದ್ದು ಎಲ್ಲಿಗೆ ಹೋಗತ್ತೆ?" ಅಂದಳು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಪ್ಲಗಿನ್ ಕಂಪನಿಯ ಉತ್ತರಗಳನ್ನು ನೋಡಿ. ಮೊದಲ ಮೇಲ್‌ಗೆ: "ನಿಮ್ಮ ಕಳಕಳಿ ಅರ್ಥವಾಗುತ್ತದೆ. ಚಿಂತಿಸಬೇಡಿ, ನಿಮ್ಮ ಅನುವಾದಗಳು ನಮ್ಮಲ್ಲಿ ಸುರಕ್ಷಿತವಾಗಿವೆ." ಸರಿ, ಹಾಗಾದರೆ ಕೊಡಿ ಎಂದೆ. ಎರಡನೆಯದು: "ಎಕ್ಸ್‌ಪೋರ್ಟ್ ಸೌಲಭ್ಯ ನಿಮ್ಮ ಪ್ಲಾನ್‌ನಲ್ಲಿ ಇಲ್ಲ." ಬರಹವನ್ನು ಹೊರತೆಗೆದುಕೊಳ್ಳುವ ಆ ಸೌಲಭ್ಯ ಎಷ್ಟು ಮೇಲಿನ ಪ್ಲಾನ್‌ನಲ್ಲಿ ಇದೆ ಎಂದು ನೋಡಿದರೆ ಮಧ್ಯೆ ಎರಡು ಮೆಟ್ಟಿಲು ಬಿಟ್ಟು ಅದರಾಚೆಯದು. ಯಂತ್ರ ಮಾಡಿದ್ದು ನೀವೇ ಇಟ್ಟುಕೊಳ್ಳಿ, ನಮ್ಮಕ್ಕ ಕೈಯಾರೆ ಬರೆದದ್ದನ್ನು ಮಾತ್ರ ಕೊಡಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಮೂರನೆಯದು: "ತಾಂತ್ರಿಕವಾಗಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ." ಸುಳ್ಳು! ಅವರ ಎಡಿಟರ್‌ನಲ್ಲೇ ಕೈಯಿಂದ ತಿದ್ದಿದ ಸಾಲಿಗೆ ಬೇರೆ ಬಣ್ಣದ ಗುರುತು ಬೀಳುತ್ತಿತ್ತು, ಗುರುತಿನ ಮೇಲೆ ಸೋಸಿ ನೋಡಬಹುದಿತ್ತು. ಅದರ ಸ್ಕ್ರೀನ್‌ಶಾಟ್ ಕಳಿಸಿದೆ. ನಾಲ್ಕನೆಯದು ಉತ್ತರವೇ ಅಲ್ಲ: ನಿಮ್ಮ ದೂರನ್ನು ಬಗೆಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ನಮ್ಮಲ್ಲಿ ಸುರಕ್ಷಿತವಾಗಿವೆ! ಈ ಮಾತು ಇನ್ನೂ ಕಿವಿಯಲ್ಲಿದೆ. ನಮ್ಮ ವಸ್ತುವನ್ನು ನಮಗೇ ಕೊಡದೆ ಇಟ್ಟುಕೊಳ್ಳುವುದಕ್ಕೆ ಸುರಕ್ಷಿತ ಅನ್ನುತ್ತಾರೆಯೇ?

ಷರತ್ತುಗಳಲ್ಲಿ ಇತ್ತೇ ಅಂತ ಹೋಗಿ ನೋಡಿದೆ. ಇತ್ತು. ವರ್ಡ್‌ಪ್ರೆಸ್‌ನ ಪ್ಲಗಿನ್ ಭಂಡಾರದ ನಿಯಮದ ಪ್ರಕಾರ ಹೊರಗಿನ ಸೇವೆಯನ್ನು ನೆಚ್ಚಿ ನಡೆಯುವ ಪ್ಲಗಿನ್‌ಗೆ ಅವಕಾಶವಿದೆ, ಅದನ್ನು ವಿವರಣೆಯಲ್ಲಿ ಬರೆದಿರಬೇಕು ಅಷ್ಟೇ. ಇವರೂ ಒಂದು ಸಾಲು ಬರೆದಿದ್ದರು. ಕಾಗದದ ಮೇಲೆ ಅವರದು ಸರಿ. ಭಂಡಾರದಲ್ಲಿ ಉಚಿತವಾಗಿ ಸಿಕ್ಕಿತು, ಲಕ್ಷಾಂತರ ಜನ ಹಾಕಿದ್ದಾರೆ ಎಂದಮಾತ್ರಕ್ಕೆ ಬರಹ ನಿಮ್ಮಲ್ಲೇ ಉಳಿಯುತ್ತದೆ ಅಂತ ನಂಬಬೇಡಿ.

ಕಳೆದದ್ದನ್ನು ಹುಡುಕಲು ಹೊರಟೆ. ಮುಂಚೆಯಾದರೆ ಗೂಗಲ್‌ನಲ್ಲೇ ಪುಟದ ಹಳೆಯ ಪ್ರತಿ ಸಿಗುತ್ತಿತ್ತು, 2024ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಉಳಿದದ್ದು ವೆಬ್ ಪುಟಗಳ ಹಳೆಯ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್. ಅಲ್ಲಿ ಇನ್ನೊಂದು ತೊಡಕು. ಕನ್ನಡದ ಶೀರ್ಷಿಕೆ ವಿಳಾಸವಾಗುವಾಗ ಒಂದೊಂದು ಅಕ್ಷರ, ಒಂದೊಂದು ಕೊಂಬು ದೀರ್ಘವೂ ಒಂಬತ್ತು ಚಿಹ್ನೆಗಳಾಗಿ ಉದ್ದವಾಗುತ್ತದೆ. ವರ್ಡ್‌ಪ್ರೆಸ್ ಇಟ್ಟುಕೊಳ್ಳುವುದು 200 ಚಿಹ್ನೆ ಮಾತ್ರ. "ಹಾಸಿಗೆ ಹಿಡಿದವರ ಆರೈಕೆ" ಅನ್ನುವಷ್ಟರಲ್ಲೇ 164 ಮುಗಿದಿರುತ್ತದೆ, ಮುಂದಿನ ಪದದ ತಲೆ ಕಾಣುವಷ್ಟರಲ್ಲಿ ಕತ್ತರಿ. ನಮ್ಮ ಪುಟಗಳಲ್ಲಿ ಅರ್ಧಕ್ಕರ್ಧ ಅದೇ ಹೆಸರಿನಿಂದ ಶುರುವಾಗುವಂಥವು. ಹಾಗಾಗಿ ವಿಳಾಸ ನೋಡಿ ಯಾವ ಪುಟ ಎಂದು ಹೇಳಲಾಗದು, ಒಂದೊಂದನ್ನೂ ತೆರೆದೇ ನೋಡಬೇಕು. ನಾಲ್ಕು ರಾತ್ರಿ ಕೂತು ಇಂಗ್ಲಿಷಿನ 47, ಹಿಂದಿಯ 9 ಪುಟ ಹೊರತೆಗೆದೆ. ಅವುಗಳಲ್ಲೂ ಕೆಲವು ಅಕ್ಕ ತಿದ್ದುವುದಕ್ಕೆ ಮೊದಲಿನ ಪ್ರತಿಗಳು.

ಈಗ ಪಾಲಿಲ್ಯಾಂಗ್ ಎಂಬ ಪ್ಲಗಿನ್ ಹಾಕಿದ್ದೇನೆ. ಅದರಲ್ಲಿ ಪ್ರತಿ ಭಾಷೆಯ ಪುಟವೂ ಬೇರೆಯದೇ ಪೋಸ್ಟ್ ಆಗಿ ನಮ್ಮ ಡೇಟಾಬೇಸಿನಲ್ಲೇ ಕೂರುತ್ತದೆ, ಪ್ಲಗಿನ್ ನಿಲ್ಲಿಸಿದರೂ ಬರಹ ಇರುತ್ತದೆ. ಡಬ್ಲ್ಯೂಪಿಎಂಎಲ್ ಕೂಡ ಇದೇ ದಾರಿಯದು. ಟ್ರಾನ್ಸ್‌ಲೇಟ್‌ಪ್ರೆಸ್ ವಾಕ್ಯವಾಕ್ಯವಾಗಿ ಇಟ್ಟುಕೊಂಡರೂ ಇಡುವುದು ನಿಮ್ಮದೇ ಡೇಟಾಬೇಸಿನ ಟೇಬಲ್‌ಗಳಲ್ಲಿ. ಇವುಗಳಲ್ಲೂ ಕಿರಿಕಿರಿ ಇಲ್ಲ ಅಂತಲ್ಲ, ಆದರೆ ಕಿರಿಕಿರಿ ಬೇರೆ, ಕಳೆದುಕೊಳ್ಳುವುದು ಬೇರೆ. ನಮ್ಮನ್ನು ಹೀಗೆ ಮಾಡಿದವರ ಹೆಸರು ಹಾಕುತ್ತಿಲ್ಲ, ಇದೇ ರೀತಿ ನಡೆಯುವವು ಇನ್ನೂ ಇವೆ, ಒಂದನ್ನು ಬಿಟ್ಟು ಇನ್ನೊಂದರ ಬಾಯಿಗೆ ಬೀಳುತ್ತೀರಿ.

ಕೊಳ್ಳುವ ಮೊದಲು ಇಷ್ಟು ಮಾಡಿ ಸಾಕು. ಒಂದು ಪುಟ ಹಾಕಿ, ಅನುವಾದದ ಒಂದು ಸಾಲನ್ನು ಕೈಯಿಂದ ತಿದ್ದಿ, ಪ್ಲಗಿನ್ ನಿಲ್ಲಿಸಿ, ಆ ಸಾಲು ನಿಮ್ಮ ಡೇಟಾಬೇಸಿನಲ್ಲಿ ಇದೆಯೇ ಹುಡುಕಿ. ಸಿಗದಿದ್ದರೆ, ಎಕ್ಸ್‌ಪೋರ್ಟ್ ಯಾವ ಪ್ಲಾನ್‌ನಲ್ಲಿದೆ ಎಂದು ಬರಹದಲ್ಲಿ ಕೇಳಿ. ನೇರ ಉತ್ತರ ಬರದಿದ್ದರೆ ಬಿಟ್ಟು ಬನ್ನಿ. ಪುಟದಲ್ಲಿ ದಿನವೂ ಬದಲಾಗುವ ಅಂಕಿ, ತಾರೀಖು ಇದ್ದರೆ ಮೊದಲ ದಿನವೇ ಅನುವಾದದಿಂದ ಹೊರಗಿಡಿ. ಬೇರೆಯವರ ಕೈಯಲ್ಲಿ ತಿದ್ದಿಸುತ್ತಿದ್ದರಂತೂ ವಾರಕ್ಕೊಮ್ಮೆ ಆ ಪುಟಗಳನ್ನು ನಕಲು ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಾನು ಇಷ್ಟು ಮಾಡಿದ್ದರೂ ಸಾಕಿತ್ತು.

ಅಕ್ಕ ಮತ್ತೆ ಶುರು ಮಾಡಿದ್ದಾಳೆ. ಈ ಸಲ ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದು, ಆಮೇಲೆ ಟೈಪ್ ಮಾಡುತ್ತಾಳೆ. ಬೇಡ ಅಂದರೂ ಕೇಳುತ್ತಿಲ್ಲ. ಮಗ್ಗುಲು ಬದಲಿಸುವ ಪುಟ ನಿನ್ನೆ ಮುಗಿಯಿತು.